ಹುಳಮನೆಯಲ್ಲಿ ಕಲಿತ ರಷ್ಯನ್

ನಮ್ಮ ಮನೆಯಲ್ಲಿ ಹುಳಕ್ಕೆ ಇದ್ದಷ್ಟು ಜಾಗ ಮನುಷ್ಯರಿಗೆ ಇರಲಿಲ್ಲ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗಿದ್ದ ಆ ಮನೆಗೆ ಮೂರೇ ಕೋಣೆ. ಒಂದರಲ್ಲಿ ಅಡುಗೆ, ಒಂದರಲ್ಲಿ ನಾವೆಲ್ಲ. ಉಳಿದದ್ದು, ಎಲ್ಲಕ್ಕಿಂತ ದೊಡ್ಡದು, ಗಾಳಿ ಬೆಳಕು ಚೆನ್ನಾಗಿದ್ದದ್ದು, ರೇಷ್ಮೆ ಹುಳದ ಪಾಲು. ಅದಕ್ಕೆ ಹುಳಮನೆ ಎಂದು ಹೆಸರು. ಅಪ್ಪ, ಅಮ್ಮ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ನಾನು, ಆಮೇಲೆ ಬಂದು ಸೇರಿಕೊಂಡ ಸುಶೀಲತ್ತೆ, ಇಷ್ಟೂ ಜನ ನಡುಮನೆಯಲ್ಲಿ ಒಬ್ಬರ ಕಾಲು ಇನ್ನೊಬ್ಬರಿಗೆ ತಾಗುವಂತೆ ಮಲಗುತ್ತಿದ್ದೆವು. ಪಕ್ಕದ ಕೋಣೆಯಲ್ಲಿ ಹುಳಗಳು ಬಿದಿರಿನ ತಟ್ಟೆಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಹಾಯಾಗಿ ಬಿದ್ದುಕೊಂಡು ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಕೂತಲ್ಲಿ ಕೂರಲಾರದ ಹುಡುಗಿ ನಾನು. ಓಡಬೇಡ, ಕುಣಿಯಬೇಡ, ಬಾಗಿಲು ಬಡಿಯಬೇಡ, ಹುಳಕ್ಕೆ ಆಗಲ್ಲ ಎಂದು ದಿನಕ್ಕೆ ಹತ್ತು ಸಲ ಕೇಳಿಸಿಕೊಂಡು ಅವುಗಳ ಮೇಲೆ ಹಲ್ಲು ಮಸೆಯುತ್ತಿದ್ದೆ. ಈಗಲೂ ಯಾರಾದರೂ ಸೀರೆಯ ಸೆರಗು ಸವರಿ ಆಹಾ ಏನು ರೇಷ್ಮೆ ಎಂದರೆ ನನಗೆ ನೆನಪಾಗುವುದು ಒಗ್ಗರಣೆಯಿಲ್ಲದ ಸಾರು.

ಹುಳಕ್ಕೆ ಘಾಟು ಆಗದು. ಗೂಡು ಕಟ್ಟುವ ಮುಂಚೆ ಅದು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿ ಸುಮ್ಮನಿರುವುದರಿಂದ ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ಮೂರನೇ ಜ್ವರದಿಂದ ಹುಳ ಎದ್ದಿತೆಂದರೆ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಬಂದ್. ಸಾಸಿವೆ ಸಿಡಿಯುವಂತಿಲ್ಲ, ಒಣಮೆಣಸಿನಕಾಯಿ ಹುರಿಯುವಂತಿಲ್ಲ. ಮುದ್ದೆಗೆ ಬೋಳು ಹುರುಳಿ ಸಾರು, ಮರುದಿನವೂ ಅದೇ. ಅಪ್ಪ ತಟ್ಟೆ ತಳ್ಳಿ ಎದ್ದುಹೋಗುತ್ತಿದ್ದ. ಅಜ್ಜಿ ತನ್ನ ನಶ್ಯದ ಡಬ್ಬಿಯನ್ನು ಜಗಲಿಯ ಆಚೆ ಕಲ್ಲಿನ ಸಂದಿಯಲ್ಲಿಟ್ಟು ಬರಬೇಕಾಗಿದ್ದರಿಂದ ಆ ಎರಡು ವಾರ ಅವಳ ಬಾಯಿಗೆ ಸಿಕ್ಕವರಿಗೆ ಉಳಿಗಾಲವಿರಲಿಲ್ಲ. ಇಷ್ಟು ಕಟ್ಟಳೆಗಳನ್ನೂ ನಡೆಸುತ್ತಿದ್ದವಳು ಅಮ್ಮ. ಹುಳಮನೆಯ ಬೀಗದಕೈ ಅವಳ ಸೊಂಟದಲ್ಲಿರುತ್ತಿತ್ತು. ಎಷ್ಟು ಹೊತ್ತಿಗೆ ಸೊಪ್ಪು, ಎಷ್ಟು ಸೊಪ್ಪು, ಯಾವ ಕಿಟಕಿ ತೆಗೆಯಬೇಕು, ಯಾವುದಕ್ಕೆ ಒದ್ದೆ ಗೋಣಿ ಕಟ್ಟಬೇಕು, ಎಲ್ಲ ಅವಳು ಹೇಳಿದಂತೆ. ಅಪ್ಪ ಕೂಡ ಕಾಲು ತೊಳೆಯದೆ ಒಳಗೆ ಹೆಜ್ಜೆಯಿಟ್ಟರೆ ಅವಳು ಕೈಯಡ್ಡ ಹಿಡಿಯುತ್ತಿದ್ದಳು, ಅವನು ಹಿಂದಕ್ಕೆ ಹೋಗಿ ತೊಳೆದುಕೊಂಡು ಬರುತ್ತಿದ್ದ. ನಡುಮನೆಯಲ್ಲಿ ಅವನೆದುರು ಬಾಯಿ ಬಿಡದ ಹೆಂಗಸು ಅವಳು.

ನಾಲ್ಕನೇ ಜ್ವರ ಕಳೆದು ವಾರಕ್ಕೆ ಹುಳ ಹಣ್ಣಾಗುತ್ತದೆ. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತಿಳಿಯಾಗಿ, ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಹರಿದು ತಲೆಯೆತ್ತಿ ಅತ್ತಿತ್ತ ಹುಡುಕುತ್ತದೆ. ಆಗ ಅವನ್ನು ಒಂದೊಂದಾಗಿ ಆರಿಸಿ ಚಂದ್ರಂಕಿಯಲ್ಲಿ, ಅಂದರೆ ಬಿದಿರಿನ ಸುರುಳಿ ಹೆಣೆದ ಅಗಲವಾದ ತಟ್ಟಿಯಲ್ಲಿ ಬಿಡಬೇಕು. ಅಲ್ಲಿ ಗೂಡು ಕಟ್ಟುತ್ತವೆ. ನಮ್ಮ ಮನೆಯಲ್ಲಿ ಇದಕ್ಕೊಂದು ಪದ್ಧತಿಯಿತ್ತು. ಮೊದಲ ಹಣ್ಣು ಹುಳವನ್ನು ಇನ್ನೂ ಮೈನೆರೆಯದ ಹುಡುಗಿಯೇ ನೋಡಿ ಹೇಳಬೇಕು. ಅವಳು ಹೇಳಿದ ಮೇಲೆ ಅಜ್ಜಿ ಆ ಹುಳವನ್ನು ತನ್ನ ಕೈಯಾರೆ ಚಂದ್ರಂಕಿಗೆ ಬಿಟ್ಟು, ಹೊಸಿಲಿಗೆ ಅರಿಶಿನ ಕುಂಕುಮ ಇಡುತ್ತಿದ್ದಳು. ಅಲ್ಲಿಂದ ಕಡೆಯ ಹುಳ ಆರಿಸುವವರೆಗೆ ಮನೆಯವರು ಯಾರೂ ಊರು ಬಿಡುವಂತಿಲ್ಲ, ಹೊರಗಿನವರು ಯಾರೂ ಒಳಗೆ ಬರುವಂತಿಲ್ಲ. ಆ ಹುಡುಗಿ ನಾನಾಗಿದ್ದೆ. ಹನ್ನೊಂದು ವರ್ಷ. ಓದಿನಲ್ಲಿ ಅಷ್ಟಕ್ಕಷ್ಟೇ ಆದರೂ ನನ್ನ ಕಣ್ಣು ಚುರುಕು ಎಂದು ಅಮ್ಮ ಎಲ್ಲರ ಹತ್ತಿರ ಹೇಳುತ್ತಿದ್ದಳು.

ಸುಶೀಲತ್ತೆ ಅಪ್ಪನ ತಂಗಿ. ಗೌರಿಬಿದನೂರು ಕಡೆಗೆ ಕೊಟ್ಟಿದ್ದರು. ಮದುವೆಯಾಗಿ ಮೂರು ವರ್ಷಕ್ಕೆ ಒಂದು ಟ್ರಂಕು ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತುಬಿಟ್ಟಳು. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಅವಳ ಹತ್ತಿರ ಮಾತಾಡುತ್ತಿರಲಿಲ್ಲ, ಅಷ್ಟೆ. ಏನು ಬೇಕಾದರೂ ತನ್ನ ತಾಯಿಗೆ ಹೇಳಿ, ತಾಯಿಯ ಬಾಯಲ್ಲಿ ಹೇಳಿಸುತ್ತಿದ್ದನಂತೆ. ಅಜ್ಜಿಗೆ ಇದು ತಲೆಗೇ ಹೋಗಲಿಲ್ಲ.

"ಮಾತಾಡ್ದಿದ್ರೆ ಏನಾಯ್ತೇ? ನಿಮ್ಮಪ್ಪ ನನ್ನ ಹತ್ರ ಎಷ್ಟು ಮಾತಾಡಿದ್ರು? ಐದು ಮಕ್ಳು ಹೆತ್ತಿಲ್ವಾ ನಾನು?"

"ನಂಗೆ ಮಕ್ಳು ಬೇಕು ಅಂತ ಯಾರಂದ್ರಮ್ಮ. ಮಾತು ಬೇಕು," ಎಂದಳು ಸುಶೀಲತ್ತೆ.

ಆಗೆಲ್ಲ ರಷ್ಯದ ಪುಸ್ತಕ ತುಂಬಿಕೊಂಡ ವ್ಯಾನೊಂದು ಊರೂರು ತಿರುಗುತ್ತಿತ್ತು. ಚಿಂತಾಮಣಿಯ ಬಸ್ ಸ್ಟ್ಯಾಂಡಿನಲ್ಲಿ ಅದು ನಿಂತಿದ್ದಾಗ ಸುಶೀಲತ್ತೆ ಹತ್ತಿ, ದಪ್ಪ ರಟ್ಟಿನ ಒಂದು ರಷ್ಯನ್ ಕಲಿಕೆಯ ಪುಸ್ತಕ ಕೊಂಡು ತಂದಳು. ಸಂತೆಗೆ ಬೆಳ್ಳುಳ್ಳಿ ತರಲು ಹೋದವಳು. ಯಾಕೆ ಇದು ಎಂದು ಕೇಳಿದ್ದಕ್ಕೆ ನನಗೆ ಮಾತ್ರ ಹೇಳಿದಳು.

"ತೆಲುಗಲ್ಲಿ ಏನಾದ್ರೂ ಅಂದ್ರೆ ನಿಮ್ಮಜ್ಜಿಗೆ ಗೊತ್ತಾಗುತ್ತೆ. ಕನ್ನಡದಲ್ಲಿ ಅಂದ್ರೆ ಊರಿಗೇ ಗೊತ್ತಾಗುತ್ತೆ. ಉರ್ದು ಕಲಿಯಣ ಅಂದ್ರೆ ನೂಲು ಬಿಚ್ಚೋ ಸಾಬರ ಜೊತೆ ವ್ಯಾಪಾರ ಮಾಡಿ ಮಾಡಿ ನಿಮ್ಮಪ್ಪಂಗೆ ಅದೂ ಬರುತ್ತೆ. ಈ ಮನೇಲಿ ಯಾರಿಗೂ ಬರದೇ ಇರೋ ಒಂದು ಭಾಷೆ ನಂಗೆ ಬೇಕಿತ್ತು ಕಣೇ ನಾಗೂ."

ಒಬ್ಬಳೇ ಮಾತಾಡಿದರೆ ಭಾಷೆ ಬರುವುದಿಲ್ಲವಲ್ಲ, ಅದಕ್ಕೆ ನನ್ನನ್ನು ಹಿಡಿದಳು. ಪಾಠ ನಡೆಯುತ್ತಿದ್ದದ್ದು ಹುಳಮನೆಯಲ್ಲಿ, ಸೊಪ್ಪು ಹಾಕುವಾಗ. ಅಕ್ಷರ ಎರಡು ವಾರಕ್ಕೆ ಬಂತು. ನಾನು ತಡವರಿಸಿದ್ದು ಕ್ರಿಯಾಪದದ ಹತ್ತಿರ. ರಷ್ಯನ್ನಿನಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಕ್ರಿಯಾಪದಕ್ಕೂ ಒಂದು ಜೋಡಿ ಇರುತ್ತದೆ. ಒಂದು ರೂಪ, ಕೆಲಸ ನಡೆಯುತ್ತಿತ್ತು, ಮತ್ತೆ ಮತ್ತೆ ಆಗುತ್ತಿತ್ತು ಎನ್ನುವುದಕ್ಕೆ. ಇನ್ನೊಂದು, ಅದು ಕೊನೆ ಮುಟ್ಟಿತು, ಫಲ ಕಾಣಿಸಿತು ಎನ್ನುವುದಕ್ಕೆ. ಹಿಂದೆ ನಡೆದದ್ದನ್ನು ಎರಡರಲ್ಲೂ ಹೇಳಬಹುದು; ಹೇಳುವವನ ಕಣ್ಣು ಕೆಲಸದ ಮೇಲಿದೆಯೋ ಕೊನೆಯ ಮೇಲಿದೆಯೋ ಎನ್ನುವುದೇ ವ್ಯತ್ಯಾಸ. ಪುಸ್ತಕದಲ್ಲಿ ಇದಕ್ಕೆ ಆರು ಪುಟ ಇಂಗ್ಲಿಷಿನ ವಿವರಣೆಯಿತ್ತು. ಸುಶೀಲತ್ತೆ ಪುಸ್ತಕ ಮುಚ್ಚಿ ತಟ್ಟೆಯನ್ನು ಎಳೆದಳು.

"ಹುಳ ಸೊಪ್ಪು ತಿಂತಾ ಇತ್ತು. ಯೆಲಾ. ಹುಳ ಸೊಪ್ಪೆಲ್ಲಾ ತಿಂದ್ಬಿಡ್ತು. ಸ್ಯೆಲಾ. ಈಗ ಈ ತಟ್ಟೇಲಿ ಏನ್ ಉಳಿದೈತೆ ನೋಡು."

"ಬರೀ ಕಡ್ಡಿ."

"ಹಂಗಾದ್ರೆ ಯಾವುದು?"

"ಸ್ಯೆಲಾ."

"ಹಾಂ. ದಿನಾ ಮೂರು ಹೊತ್ತು ತಿಂತಿತ್ತು ಅಂದ್ರೆ?"

ದಿನಾ ಎಂದರೆ ಮೂರು ಹೊತ್ತೂ ತಟ್ಟೆ ಖಾಲಿಯಾಗಿದ್ದರೂ ಮತ್ತೆ ಯೆಲಾ. ಇದು ನನಗೆ ಅನ್ಯಾಯವೆನಿಸಿ ಜಗಳ ತೆಗೆದೆ. ಮುಗಿದದ್ದು ಮುಗಿದದ್ದೇ ಅಲ್ಲವಾ ಎಂದು. ಅಮ್ಮ ಅಲ್ಲೇ ಮೂಲೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದವಳು ತಲೆಯೆತ್ತಿ, "ಹಂಗಾದ್ರೆ ಅನ್ನ ಬೇಯ್ತಿತ್ತು, ಅನ್ನ ಬೆಂತು, ಅದಕ್ಕೂ ಎರಡು ಮಾತಾ?" ಎಂದಳು. ಸರಿಯಾಗಿಯೇ ಹಿಡಿದಿದ್ದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಯಾಕೆ ನಕ್ಕೆವೋ. ಅಮ್ಮ ಮತ್ತೆ ಕೇಳಲಿಲ್ಲ. ಈಗ ನಾನು ಪಾಠ ಹೇಳುವಾಗ ಕನ್ನಡದ 'ಬಿಡು' ಸೇರಿಸಿ ತೋರಿಸುತ್ತೇನೆ, ಓದುತ್ತಿದ್ದೆ, ಓದಿಬಿಟ್ಟೆ ಎಂದು. ಮಕ್ಕಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಎಡವುತ್ತಾರೆ. ನಮ್ಮ 'ಬಿಡು' ಎಂಬ ಮಾತಿಗೆ ಅವಸರವಿದೆ, ಪಶ್ಚಾತ್ತಾಪವೂ ಇದೆ. ಹೇಳಿಬಿಟ್ಟೆ ಎಂದರೆ ಹೇಳಬಾರದಿತ್ತು ಎಂದೂ ಆಯಿತು. ರಷ್ಯನ್ನಿನ ಮುಗಿದ ರೂಪಕ್ಕೆ ಆ ಸಂಕಟವಿಲ್ಲ. ಅದು ಕೆಲಸ ಮುಗಿಯಿತು ಎನ್ನುತ್ತದೆ, ಸುಮ್ಮನಾಗುತ್ತದೆ.

ಸುಶೀಲತ್ತೆಯನ್ನು ಗೌರಿಬಿದನೂರಿಗೆ ವಾಪಸ್ಸು ಕಳಿಸುವ ಮಾತು ಅಷ್ಟರಲ್ಲಿ ಜೋರಾಗಿತ್ತು. ಅಪ್ಪ ದಿನಾ ಊಟಕ್ಕೆ ಕೂತಾಗ ಶುರು ಮಾಡುತ್ತಿದ್ದ. ನೋಡಮ್ಮ ಸುಶೀಲ, ಜನ ಆಡ್ಕೊಳ್ತಾವ್ರೆ, ಹಟ ಮಾಡ್ಬೇಡ. ಅವಳು ಮುದ್ದೆ ನುಂಗುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಬೆಳಗ್ಗೆ ಹುಳಮನೆಯಲ್ಲಿ ನನಗೆ ಹೊಸ ಜೋಡಿ ಸಿಗುತ್ತಿತ್ತು.

"ಉಗವಾರಿವಲ್ ಅಂದ್ರೆ ಒಪ್ಪಿಸೋಕೆ ನೋಡ್ತಿದ್ದ. ಉಗವರೀಲ್ ಅಂದ್ರೆ ಒಪ್ಪಿಸ್ದ. ನಿಮ್ಮಪ್ಪ ಇನ್ನೂ ಮೊದಲನೇದ್ರಲ್ಲೇ ಅವ್ನೆ."

ಹೀಗೆ ನಗುತ್ತಿದ್ದಳು ನಿಜ, ಆದರೆ ಅವಳ ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ. ಹುಲ್ಲುಕಡ್ಡಿ ಮುರಿಯುವುದು, ಸೆರಗಿನ ದಾರ ಎಳೆಯುವುದು. ಬೆಂಗಳೂರಿನಲ್ಲಿ ರಷ್ಯನ್ ಕಲಿಸುವ ಒಂದು ಸಂಸ್ಥೆಗೆ ನಮಗೆ ಯಾರಿಗೂ ಹೇಳದೆ ಅರ್ಜಿ ಹಾಕಿದ್ದಳು. ಪ್ರವೇಶ ಪರೀಕ್ಷೆಗೆ ಬನ್ನಿ ಎಂದು ಕಾಗದ ಬಂತು. ಪಾಸಾದರೆ ಎರಡು ವರ್ಷ ಹಾಸ್ಟೆಲ್ಲು, ಊಟ, ಓದು. ಪರೀಕ್ಷೆ ಗುರುವಾರ. ಅದೇ ಭಾನುವಾರ ಗೌರಿಬಿದನೂರಿನಿಂದ ಹಿರಿಯರು ಬಂದು ಅವಳನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಆ ಕಾಗದ ಅಪ್ಪನ ಕೈಗೆ ಸಿಕ್ಕ ದಿನ ಮನೆಯಲ್ಲಿ ರಣರಂಗ. ಅಜ್ಜಿ ಎದೆ ಬಡಿದುಕೊಂಡಳು. ಕೊನೆಗೆ ಅಪ್ಪ ಬೆರಳು ಮಡಿಚಿ ದಿನ ಲೆಕ್ಕ ಹಾಕಿ, ಮೀಸೆಯಲ್ಲೇ ನಕ್ಕ.

"ಆಯ್ತು ಕಣಮ್ಮ. ಗುರುವಾರ ಹೊತ್ತಿಗೆ ಹುಳ ಹಣ್ಣಾಗದೇ ಇದ್ರೆ ಹೋಗು, ನಾನೇ ಬಸ್ ಹತ್ತಿಸ್ತೀನಿ. ಹಣ್ಣಾಗಿದ್ರೆ ಹೊಸ್ಲು ದಾಟಂಗಿಲ್ಲ. ಇದು ಮನೆ ಪದ್ಧತಿ, ನಾನು ಮಾಡಿದ್ದಲ್ಲ."

ಗುರುವಾರಕ್ಕೆ ಹುಳ ನಾಲ್ಕನೇ ಜ್ವರದಿಂದ ಎದ್ದು ಏಳನೇ ದಿನ. ಹಣ್ಣಾಗದೆ ಎಲ್ಲಿಗೆ ಹೋದೀತು ಎಂದು ಅವನ ಲೆಕ್ಕ. ಬುಧವಾರವೆಲ್ಲ ನಾನು ಹತ್ತು ಸಲ ಹುಳಮನೆಗೆ ಹೋಗಿ ಬಂದೆ. ಬೇಗ ತಿನ್ನಬೇಡಿ ಎಂದು ಹುಳಗಳಿಗೆ ಗದರಿದೆ. ಅವು ಹಿಂದೆಂದೂ ಇಲ್ಲದಷ್ಟು ತಿಂದವು.

ಗುರುವಾರ ಬೆಳಗಿನ ಐದು ಗಂಟೆಗೆ ಕಾಲು ತೊಳೆದು ಒಳಗೆ ಹೋದೆ. ಅಮ್ಮ ಸೊಪ್ಪಿನ ಕುಕ್ಕೆ ಇಟ್ಟುಕೊಂಡು ಬಾಗಿಲಲ್ಲೇ ಕೂತಿದ್ದಳು. ನಾನು ಹೇಳುವ ಮುಂಚೆ ಅವಳು ಸೊಪ್ಪು ಹಾಕುವಂತಿರಲಿಲ್ಲ, ಯಾಕೆಂದರೆ ಹಣ್ಣಾದ ಹುಳದ ಮೇಲೆ ಸೊಪ್ಪು ಹೇರಿದರೆ ಅವು ಅದರ ಅಡಿಯಲ್ಲೇ ಗೂಡು ಸುತ್ತಿಕೊಂಡು ಕೆಟ್ಟುಹೋಗುತ್ತವೆ. ತಟ್ಟೆ ಜೋಡಿಸಿದ ಮೊದಲ ಸ್ಟ್ಯಾಂಡಿನಲ್ಲಿ ಏನೂ ಇರಲಿಲ್ಲ. ಎರಡನೆಯದರ ಕೆಳಗಿನ ತಟ್ಟೆಯ ಅಂಚಿನಲ್ಲಿ ನಾಲ್ಕು ಹುಳ ತಲೆಯೆತ್ತಿ ಆಡುತ್ತಿದ್ದವು. ಹಳದಿ, ತಿಳಿ, ಸ್ವಲ್ಪವೂ ಅನುಮಾನವಿಲ್ಲ. ನಡುಮನೆಯಲ್ಲಿ ಸುಶೀಲತ್ತೆ ಸೀರೆಯುಟ್ಟು ಚೀಲ ಹಿಡಿದು ನಿಂತಿರುವುದು ಗೊತ್ತಿತ್ತು. ಜಗಲಿಯಿಂದ ಅಜ್ಜಿ ಕೂಗಿದಳು, ಹಣ್ಣಾಯಿತಾ ಎಂದು, ತನ್ನ ತೆಲುಗಿನಲ್ಲಿ.

"ಏಮೇ, ಪಂಡಿಂದಾ?"

ನಾನು ಪಕ್ಕದ ಎಲೆಗಳನ್ನು ಎಳೆದು ಆ ನಾಲ್ಕರ ಮೇಲೆ ಮುಚ್ಚಿದೆ.

"ಇಲ್ಲ ಅಜ್ಜಿ. ಇನ್ನೂ ಇಲ್ಲ."

ಅಮ್ಮ ಒಳಗೆ ಬಂದಳು. ಅವಳು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು.

"ಸರಿಯಾಗಿ ನೋಡ್ದಾ ನಾಗೂ?"

"ನೋಡ್ದೆ ಕಣಮ್ಮ. ಎಷ್ಟು ಸಲ ಕೇಳ್ತೀಯ."

ಅಮ್ಮ ತಟ್ಟೆ ತಟ್ಟೆಗೂ ತುಂಬು ಸೊಪ್ಪು ಹಾಕಿದಳು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಹಾಕಬೇಡ ಎನ್ನಲು ಸಾಕಷ್ಟು ಹೊತ್ತಿತ್ತು. ಅಪ್ಪ ಗೊಣಗುತ್ತಾ ಚಪ್ಪಲಿ ಮೆಟ್ಟಿಕೊಂಡ. ಕೊಟ್ಟ ಮಾತು ತಪ್ಪುವವನಲ್ಲ ಅವನು. ಸುಶೀಲತ್ತೆ ಹೊಸಿಲು ದಾಟುವಾಗ ನನ್ನ ಕೆನ್ನೆ ಹಿಂಡಿ, ಪರೀಕ್ಷೆ ಬರೆಯುವುದಕ್ಕೆ ಒಂದು ಮಾತು, ಪಾಸಾಗುವುದಕ್ಕೆ ಅದರ ಜೋಡಿ ಮಾತು, ಜ್ದವಾಲಾ, ಜ್ದಲಾ, ಮರೆತಿಲ್ಲ ತಾನೆ ಎಂದಳು. ಆರು ಗಂಟೆಯ ಬಸ್ಸಿನ ಸದ್ದು ರಸ್ತೆಯ ಕಡೆಯಿಂದ ಕೇಳಿಸಿದಾಗ ನನಗೆ ಆಕಾಶ ಮೂರೇ ಗೇಣು.

ಹತ್ತು ಗಂಟೆ ಹೊತ್ತಿಗೆ ಹುಳಮನೆಯಲ್ಲಿ ಅಮ್ಮ ಕಿರುಚಿದ್ದು ಕೇಳಿ ಎಲ್ಲರೂ ಓಡಿದೆವು. ನಾಲ್ಕಲ್ಲ, ನೂರಲ್ಲ, ಸ್ಟ್ಯಾಂಡಿಗೆ ಸ್ಟ್ಯಾಂಡೇ ಹಣ್ಣಾಗಿತ್ತು. ಸೊಪ್ಪನ್ನು ಎತ್ತಿದರೆ ಅಡಿಯಲ್ಲಿ ಹುಳಗಳು ಎಲೆಗೆ ಎಲೆ ಸೇರಿಸಿ ನೂಲು ಬಿಡಲು ಶುರು ಮಾಡಿದ್ದವು. ಸುಶೀಲತ್ತೆಯ ಕೈ ಇಬ್ಬರ ಕೈಗೆ ಸಮ, ಅವಳಿರಲಿಲ್ಲ. ಹೊರಗಿನವರನ್ನು ಕರೆಯುವಂತಿಲ್ಲ. ಅಪ್ಪ, ಅಮ್ಮ, ಅಜ್ಜಿ, ನಾನು ನೀರು ಕೂಡ ಕುಡಿಯದೆ ಆರಿಸಿದೆವು. ಆರಿಸಿದಷ್ಟೂ ಬರುತ್ತಿದ್ದವು. ಸಂಜೆಗೆ ಅರ್ಧ ಬೆಳೆ ಚಂದ್ರಂಕಿಯಲ್ಲಿತ್ತು, ಅರ್ಧ ಕಸದ ಎಲೆಯಲ್ಲಿ ಸುತ್ತಿಕೊಂಡು ಕಲೆ ಬಿದ್ದು ಕೆಟ್ಟಿತ್ತು. ಅಪ್ಪ ಗೋಡೆಗೆ ಒರಗಿ ಕೂತು ಅಮ್ಮನ ಕಡೆ ತಿರುಗಿದ.

"ಹಣ್ಣಾಗಿರೋ ಹುಳಕ್ಕೆ ಸೊಪ್ಪು ಹಾಕಿದ್ದು ಯಾರೇ?"

"ನಾನೇ," ಎಂದಳು ಅಮ್ಮ.

"ಮಗು ಇಲ್ಲ ಅಂದ್ರೂ ಹಾಕೋವಾಗ ನಿಂಗೆ ಕಣ್ಣಿರ್ಲಿಲ್ವಾ? ಹನ್ನೆರಡು ವರ್ಷ್ದಿಂದ ಏನ್ ಕಲ್ತೆ?"

ಅಮ್ಮ ಬಾಯಿ ತೆರೆದಳು. ನನ್ನ ಕಡೆ ಒಂದು ಸಲ ನೋಡಿದಳು. ಸರಿಯಾಗಿ ನೋಡಿದೆಯಾ ಎಂದು ಮಗಳನ್ನು ಮತ್ತೆ ಕೇಳಿಯೇ ಹಾಕಿದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ. ನಾನು ಕಾಲಿನ ಹೆಬ್ಬೆರಳಿನಿಂದ ನೆಲ ಗೀರುತ್ತಾ ನಿಂತಿದ್ದೆ. ಅಜ್ಜಿ ಎದ್ದು ಬಂದು ಅಮ್ಮನ ಸೊಂಟದಿಂದ ಬೀಗದಕೈ ಬಿಚ್ಚಿಕೊಂಡಳು. ಇನ್ನು ನೀನು ಒಲೆ ನೋಡ್ಕೋ ಸಾಕು ಎಂದಳು. ಅವತ್ತಿನಿಂದ ಅಮ್ಮ ಹುಳಮನೆಗೆ ಹೋಗುತ್ತಿದ್ದಳು, ಸೊಪ್ಪು ಹೊತ್ತು ಹಾಕುತ್ತಿದ್ದಳು, ಕಸ ಎತ್ತುತ್ತಿದ್ದಳು. ಆದರೆ ಕೇಳಿ ಹೋಗಬೇಕಿತ್ತು, ಹೇಳಿದಷ್ಟೇ ಮಾಡಬೇಕಿತ್ತು. ಕಾಲು ತೊಳೆಯದೆ ಒಳಗೆ ಬಂದ ಅಪ್ಪನನ್ನು ಅವಳು ಮತ್ತೆ ತಡೆದದ್ದನ್ನು ನಾನು ನೋಡಲಿಲ್ಲ.

ಸುಶೀಲತ್ತೆ ಪಾಸಾದಳು, ಊರಿಗೆ ಬರದೆ ಅಲ್ಲೇ ಹಾಸ್ಟೆಲ್ಲಿಗೆ ಸೇರಿಕೊಂಡಳು. ಭಾನುವಾರ ಬಂದ ಹಿರಿಯರು ಜಗಲಿಯ ಮೇಲೆ ಕಾಫಿ ಕುಡಿದು ಗಂಟುಮುಖ ಹಾಕಿಕೊಂಡು ಎದ್ದುಹೋದರು. ಅವಳು ಬೆಂಗಳೂರಿನಲ್ಲಿ ಓದಿದಳು, ಅನುವಾದದ ಕೆಲಸ ಹಿಡಿದಳು, ಬಾಯಿ ತುಂಬ ಮಾತಾಡುತ್ತಾ ಬದುಕಿದಳು. ಹತ್ತನೇ ತರಗತಿ ಆದ ಮೇಲೆ ನಾನೂ ಅವಳ ಬೆನ್ನು ಹತ್ತಿ ಹೋದೆ. ಅಲ್ಲಿ ಅವಳ ಮುಂದೆಯೂ ನಾನು ನಾಲ್ಕು ಹುಳದ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಅವಳ ಸಂತೋಷಕ್ಕೆ ಅಮ್ಮ ತೆತ್ತದ್ದೆಷ್ಟು ಎಂದು ಹೇಳಬೇಕಾಗುತ್ತಿತ್ತು. ನನಗೆ ನಿದ್ದೆ ಯಾವಾಗಲೂ ಕಡಿಮೆ, ಒಂದು ಮನೆಯಲ್ಲಿ ಐದು ವರ್ಷ ನಿಂತವಳಲ್ಲ, ಹಿಡಿದ ಕೆಲಸ ನಡುವೆ ಬಿಟ್ಟು ಇನ್ನೊಂದಕ್ಕೆ ಹಾರುತ್ತೇನೆ. ಇದಕ್ಕೆಲ್ಲ ಜನ ಸ್ವಭಾವ ಎನ್ನುತ್ತಾರೆ. ಇರಬಹುದು.

ಈಗ ಚಿಕ್ಕಬಳ್ಳಾಪುರದ ಬಾಡಿಗೆ ಮನೆಯ ಮುಂಗೋಣೆಯಲ್ಲಿ, ಡಾಕ್ಟರಿಕೆ ಓದಲು ರಷ್ಯಕ್ಕೆ ಹೊರಟ ಮಕ್ಕಳಿಗೆ ಪಾಠ ಹೇಳುತ್ತೇನೆ. ಎಂಬತ್ತರ ಹತ್ತಿರದ ಅಮ್ಮ ನನ್ನ ಜೊತೆಗಿದ್ದಾಳೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಾಳೆ. ಹೋದ ತಿಂಗಳು ಪೆರೇಸಂದ್ರದ ಒಬ್ಬ ಹುಡುಗಿ, ಮೇಡಂ, ಪಾಸ್ಟ್ ಟೆನ್ಸ್ ಒಂದೇ ತಾನೆ, ಎರಡು ವರ್ಬ್ ಯಾಕೆ ಎಂದು ಕೇಳಿದಳು. ನಾನು ಎಂದಿನಂತೆ ಹುಳ, ಸೊಪ್ಪು, ಯೆಲಾ, ಸ್ಯೆಲಾ ಎಂದು ಶುರು ಮಾಡಿದೆ. ಬಾಯ್ತಪ್ಪಿ, ಹಣ್ಣಾದ ಹುಳ ಸೊಪ್ಪು ತಿನ್ನುತ್ತಿತ್ತು ಎಂದುಬಿಟ್ಟೆ. ಕುರ್ಚಿಯಿಂದ ಅಮ್ಮನ ದನಿ ಬಂತು.

"ಹಣ್ಣಾದ ಹುಳ ಸೊಪ್ಪು ತಿನ್ನಲ್ಲ. ನಿಮ್ಮ ಮೇಡಂಗೆ ಹೇಳ್ರಮ್ಮ."

ಮಕ್ಕಳು ನಕ್ಕರು. ನನಗೆ ಆಮೇಲೆ ಪಾಠ ಓಡಲಿಲ್ಲ. ಅವರನ್ನು ಬೇಗ ಕಳಿಸಿ, ಅಮ್ಮನ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತೆ.

"ಅಮ್ಮ, ಅವತ್ತು ನಾನು ನಾಲ್ಕು ಹುಳ ನೋಡಿದ್ದೆ. ಎಲೆ ಮುಚ್ಚಿ ಇಲ್ಲ ಅಂದೆ."

ಅವತ್ತು ಎಂದರೆ ಯಾವತ್ತು ಎಂದು ಅವಳು ಕೇಳಲಿಲ್ಲ.

"ಗೊತ್ತು. ಸಾಯಂಕಾಲಾನೇ ಗೊತ್ತಾಯ್ತು. ನಿನ್ನ ಕಣ್ಣು ತಪ್ಪೋ ಕಣ್ಣಲ್ಲ."

"ಮತ್ತೆ ಯಾಕೆ ಸುಮ್ನಿದ್ದೆ?"

"ಹನ್ನೊಂದು ವರ್ಷದ ಹುಡುಗೀನ ನಿಮ್ಮಪ್ಪನ ಮುಂದಕ್ಕೆ ತಳ್ಳಲಾ? ನೀನೇ ಬಂದು ಹೇಳ್ತೀಯ ಅಂತ ಕಾದೆ. ಆ ಬೆಳೆ ಕಾದೆ, ಮುಂದಿನ ಬೆಳೆ ಕಾದೆ. ಆಮೇಲೆ ಕಾಯೋದು ಬಿಟ್ಟೆ."

"ಸುಶೀಲತ್ತೆ ಹೋಗ್ಬೇಕಿತ್ತಲ್ಲಮ್ಮ," ಎಂದೆ.

"ಹೋಗ್ಬೇಕಿತ್ತು. ಅವಳು ಹೋಗ್ಲಿ ಅಂತ ನಂಗಿರ್ಲಿಲ್ಲ ಅಂದ್ಕೊಂಡ್ಯಾ? ಆ ಮನೇಲಿ ನನ್ನ ಮಾತು ನಡೀತಿದ್ದಿದ್ದು ಅದೊಂದು ಕೋಣೇಲಿ ಕಣೇ. ನನ್ನ ಕಿವೀಲಿ ಒಂದು ಮಾತು ಹಾಕಿದ್ದಿದ್ರೆ, ಆ ನಾಲ್ಕು ಹುಳಾನೂ ನಾನೇ ಎತ್ತಿ ಬೇರೆ ತಟ್ಟೇಲಿ ಮುಚ್ಚಿಡ್ತಿದ್ದೆ. ಸೊಪ್ಪು ಹಾಕ್ತಿರ್ಲಿಲ್ಲ. ಬಸ್ಸು ಹೋದ್ಮೇಲೆ ಹಣ್ಣಾಯ್ತು ಅಂತ ನಾನೇ ಕೂಗ್ತಿದ್ದೆ. ಅವಳೂ ಹೋಗ್ತಿದ್ಲು, ಬೆಳೆನೂ ಉಳೀತಿತ್ತು. ನನ್ನ ಕೇಳ್ಬೇಕು ಅಂತ ನಿಂಗ್ಯಾಕೆ ಅನ್ನಿಸ್ಲಿಲ್ಲ ನಾಗೂ?"

ಅರವತ್ತಕ್ಕೆ ಹತ್ತಿರವಾದ ನಾನು ಅವಳ ಮೊಣಕಾಲು ಹಿಡಿದುಕೊಂಡೆ.

"ಅನ್ನಿಸಲೇ ಇಲ್ಲಮ್ಮ," ಎಂದೆ.

ಅಮ್ಮ ತಲೆಯಾಡಿಸಿದಳು. ನನ್ನ ಕೈ ಬಿಡಿಸಿ, ಕುರ್ಚಿ ಹಿಡಿದು ಎದ್ದು ಒಳಗೆ ಹೋದಳು.